ಯಾವ ಪರೀಕ್ಷೆ ಮುಗಿದ ಮೇಲೆ?

ದ್ವಿತೀಯ ಪಿಯುಸಿ ಓದುವ ಮಗಳು ಮೂರು ವಾರದಿಂದ ಸರಿಯಾಗಿ ನಿದ್ದೆ ಬರುತ್ತಿಲ್ಲ, ಒಂದೇ ಪುಟವನ್ನು ನಾಲ್ಕು ಸಲ ಓದಿದರೂ ತಲೆಗೆ ಹೋಗುತ್ತಿಲ್ಲ ಎನ್ನುತ್ತಾಳೆ. ಮನೆಯಲ್ಲಿ ಉತ್ತರ ಸಿದ್ಧವಾಗಿಯೇ ಇರುತ್ತದೆ: ‘ಪರೀಕ್ಷೆ ಒಂದು ಮುಗೀಲಿ ಪುಟ್ಟಿ, ಆಮೇಲೆ ನೋಡೋಣ.’

ಯಾವ ಪರೀಕ್ಷೆ ಸ್ವಾಮಿ? ಮಧ್ಯವಾರ್ಷಿಕ ಮುಗಿಯುವಷ್ಟರಲ್ಲಿ ಪ್ರಿಪರೇಟರಿ ಬರುತ್ತದೆ, ಅದರ ಹಿಂದೆಯೇ ಪ್ರಾಕ್ಟಿಕಲ್ಸ್. ಮಾರ್ಚ್ ಹೊತ್ತಿಗೆ ಬೋರ್ಡ್ ಪರೀಕ್ಷೆ, ಏಪ್ರಿಲ್‌ನಲ್ಲಿ ಸಿಇಟಿ, ಮೇ ತಿಂಗಳಲ್ಲಿ ನೀಟ್. ಅಂಕ ಸಾಲದಿದ್ದರೆ ಪರೀಕ್ಷೆ-2. 2024ರಲ್ಲಂತೂ ವರ್ಷಕ್ಕೆ ಮೂರು ಮಾಡಿಟ್ಟಿದ್ದೆವಲ್ಲ. ಸೀಟು ಸಿಗದಿದ್ದರೆ ‘ಲಾಂಗ್ ಟರ್ಮ್’, ಸಿಕ್ಕರೆ ಇಂಟರ್ನಲ್ಸು, ಸೆಮಿಸ್ಟರು. ‘ಆಮೇಲೆ’ ಎಂಬ ದಿನ ಯಾವ ಕ್ಯಾಲೆಂಡರಿನಲ್ಲೂ ಇಲ್ಲವೆಂದು ಹೇಳುವವರಿಗೂ ಗೊತ್ತು. ಗೊತ್ತಿದ್ದೇ ಹೇಳುತ್ತಾರೆ. ವಿಷಯ ಮುಂದೂಡಿದರೆ ಅಷ್ಟು ಹೊತ್ತು ನೆಮ್ಮದಿ, ಮಗಳಿಗಲ್ಲ, ತಮಗೆ.

ಅಂಕವೇ ಮುಖ್ಯ ಎನ್ನುವವರು ಅಂಕದ ಲೆಕ್ಕದಲ್ಲೇ ಯೋಚಿಸಲಿ. ಖಿನ್ನತೆಗೆ ಕೊಡುವ ಮಾತ್ರೆಗಳ ಗುಣ ಕಾಣಿಸಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಎಷ್ಟೋ ಮಕ್ಕಳಿಗೆ ಮಾತ್ರೆಯೇ ಬೇಕಾಗುವುದಿಲ್ಲ, ವಾರಕ್ಕೊಮ್ಮೆ ಆಪ್ತಸಮಾಲೋಚಕರ ಜೊತೆ ಕುಳಿತು ಮಾತಾಡಿದರೆ ಸಾಕು. ಅದಕ್ಕೂ ಕೆಲವು ವಾರ ಹಿಡಿಯುತ್ತದೆ. ಅಕ್ಟೋಬರಿನಲ್ಲಿ ಕರೆದುಕೊಂಡು ಹೋದರೆ ಫೆಬ್ರವರಿಗೆ ಹುಡುಗಿ ಓದುವ ಸ್ಥಿತಿಗೆ ಬರುವ ಸಾಧ್ಯತೆ ಬಹಳ. ಹೋಗದಿದ್ದರೆ ನಿದ್ದೆಗೆಟ್ಟ ತಲೆಯಲ್ಲಿ ಆ ನಾಲ್ಕು ತಿಂಗಳ ಓದು ನಿಲ್ಲುವುದಿಲ್ಲ. ಮಗುವಿನ ಮೇಲಿನ ಪ್ರೀತಿ ಹಾಗಿರಲಿ, ರ‍್ಯಾಂಕಿನ ಮೇಲೆ ಪ್ರೀತಿ ಇದ್ದವರೂ ಮಾಡಬಾರದ ಕೆಲಸ ಇದು.

ಇಷ್ಟು ಹೇಳಿ ವಿದ್ಯಾರ್ಥಿಗಳನ್ನು ಸುಮ್ಮನೆ ಬಿಡುವ ಹಾಗಿಲ್ಲ. ‘ಎಲ್ರಿಗೂ ಇರುತ್ತೆ ಬಿಡು ಮಗಾ’ ಎಂದು ಒಬ್ಬರ ಬೆನ್ನು ಒಬ್ಬರು ತಟ್ಟಿಕೊಳ್ಳುವವರು ನೀವೇ. ಪರೀಕ್ಷೆಯ ಹಿಂದಿನ ರಾತ್ರಿ ಎದೆ ಹೊಡೆದುಕೊಳ್ಳುವುದು ಎಲ್ಲರಿಗೂ ಇರುತ್ತದೆ, ನಿಜ. ಎರಡು ವಾರ ದಾಟಿದರೂ ನಿದ್ದೆ, ಊಟ ನೆಟ್ಟಗಾಗದೆ, ಇಷ್ಟವಿದ್ದ ಕ್ರಿಕೆಟ್ಟೂ ಬೇಡವಾಗಿ, ತಾನಿದ್ದರೆಷ್ಟು ಬಿಟ್ಟರೆಷ್ಟು ಎಂಬ ಯೋಚನೆ ಬಂದುಹೋಗುತ್ತಿದ್ದರೆ ಅದು ಎಲ್ಲರಿಗೂ ಇರುವುದಲ್ಲ. ಆಗಲೂ ಮಾಡುವುದೇನು? ತಲೆನೋವೆಂದು ಮೆಡಿಕಲ್ ಶಾಪಿನಿಂದ ಮಾತ್ರೆ, ಹೊಟ್ಟೆ ಸರಿಯಿಲ್ಲವೆಂದು ಗ್ಯಾಸ್ಟ್ರಿಕ್ ಸಿರಪ್ಪು, ರಾತ್ರಿ ಎರಡರವರೆಗೆ ರೀಲ್ಸು, ಬೆಳಗ್ಗೆ ಎನರ್ಜಿ ಡ್ರಿಂಕು. ಮನಸ್ಸಿನ ಕಾಯಿಲೆಗಳ ಹೆಸರನ್ನು ಸ್ಟೇಟಸ್ಸಿಗೆ ಹಾಕಿಕೊಳ್ಳುವವರೂ ಡಾಕ್ಟರ ಹತ್ತಿರ ಹೋಗೆಂದರೆ ‘ನಂಗೇನಾಗಿದೆ’ ಎನ್ನುತ್ತೀರಿ. ಅಲ್ಲಿ ಪಾಂಡಿತ್ಯ ಬೇಕಿಲ್ಲ. ‘ನಿದ್ದೆ ಬರ್ತಿಲ್ಲ, ಓದೋಕಾಗ್ತಿಲ್ಲ, ಬದುಕೋದೇ ಬೇಡ ಅನ್ಸುತ್ತೆ’ ಎಂದರೆ ಸಾಕು, ಉಳಿದದ್ದನ್ನು ಕೇಳಿ ತಿಳಿಯುವುದು ಅವರ ಕೆಲಸ.

ಇನ್ನು ಗೆಳೆತನದ ಹೆಸರಿನ ಗುಟ್ಟು. ಸಾಯುವ ಮಾತಾಡಿದ ಗೆಳೆಯ ‘ಯಾರಿಗೂ ಹೇಳ್ಬೇಡ, ಆಣೆ’ ಎಂದನಂತೆ, ಇವನು ಹೇಳಲಿಲ್ಲವಂತೆ. ಅಂಥ ಆಣೆ ಮುರಿಯಬೇಕು, ಅದೇ ದಿನ, ದೊಡ್ಡವರೊಬ್ಬರ ಮುಂದೆ. ಅವನು ಒಂದು ತಿಂಗಳು ಮಾತು ಬಿಟ್ಟರೆ ಬಿಡಲಿ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044. ಈ ಅಂಕಿ ಪತ್ರಿಕೆಯಲ್ಲಿ ಬಂದ ದಿನ ‘ಪಾಪ, ಈಗಿನ ಮಕ್ಕಳಿಗೆ ಸೂಕ್ಷ್ಮ ಜಾಸ್ತಿ’ ಎಂದು ಪೇಪರ್ ಮಡಚಿಟ್ಟ ಅಪ್ಪಂದಿರು ಎಷ್ಟು ಜನ! ಅದೇ ಮಗುವಿಗೆ ಡೆಂಗಿ ಎಂದರೆ ಪ್ಲೇಟ್‌ಲೆಟ್ ಎಷ್ಟಿದೆಯೆಂದು ಗಂಟೆಗೊಮ್ಮೆ ಕೇಳುವವರು ಇವರೇ. ಮನಸ್ಸಿನ ವಿಷಯ ಬಂದರೆ ಮೊದಲು ಬರುವ ಚಿಂತೆ ನೆಂಟರದ್ದು, ಆಮೇಲೆ ಮದುವೆಯದ್ದು, ಮೂರನೆಯದಾಗಿ ‘ಮಾತ್ರೆ ಅಭ್ಯಾಸ ಆಗಿಬಿಟ್ರೆ?’ ಖಿನ್ನತೆಯ ಮಾತ್ರೆ ಹೆಂಡದ ಹಾಗೆ ಚಟ ಹಿಡಿಸುವುದಿಲ್ಲ. ವೈದ್ಯರು ಹೇಳದೆ ಏಕಾಏಕಿ ನಿಲ್ಲಿಸಬಾರದು, ಅಷ್ಟೆ. ದೃಷ್ಟಿ ತೆಗೆಸುವವರು ತೆಗೆಸಿ. ದೇವಸ್ಥಾನಕ್ಕೂ ಹೋಗಿಬನ್ನಿ, ನನ್ನ ತಕರಾರಿಲ್ಲ. ಬರುವ ದಾರಿಯಲ್ಲೇ ತಾಲ್ಲೂಕು ಆಸ್ಪತ್ರೆ ಇದೆ, ಅಲ್ಲೂ ಇಳಿಯಿರಿ. ಮಗು ಜೀವಕ್ಕೆ ಅಪಾಯ ಮಾಡಿಕೊಳ್ಳಲು ಹೊರಟಿತ್ತೆಂದು ಹೇಳಿದರೆ ಪೊಲೀಸ್ ಕೇಸಾಗುತ್ತದೆಂದು ಬಾಯಿ ಮುಚ್ಚಿಕೊಂಡಿರುವ ಮನೆಗಳಿವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ. ಆರೈಕೆ ಕೊಡುವುದು ಸರ್ಕಾರದ ಹೊಣೆ ಎಂದೂ ಅದರಲ್ಲೇ ಇದೆ.

ವಸತಿ ಕಾಲೇಜುಗಳದ್ದು ಬೇರೆಯೇ ಲೋಕ. ಬೆಳಗ್ಗೆ ಐದಕ್ಕೆ ಬೆಲ್, ರಾತ್ರಿ ಹತ್ತೂವರೆಯವರೆಗೆ ಸ್ಟಡಿ ಅವರ್. ಭಾನುವಾರ ಮನೆಗೆ ಹತ್ತು ನಿಮಿಷ ಫೋನು, ಅದೂ ವಾರ್ಡನ್ನರ ಮೇಜಿನ ಮೇಲಿಂದ. ಎದುರಿಗೆ ವಾರ್ಡನ್, ಹಿಂದೆ ಸರದಿಗೆ ನಿಂತ ಇಪ್ಪತ್ತು ಹುಡುಗರು. ‘ಊಟ ಆಯ್ತಾ? ಟೆಸ್ಟಲ್ಲಿ ಎಷ್ಟು ಬಂತು?’ ‘ಆಯ್ತಮ್ಮ. ಪರ್ವಾಗಿಲ್ಲ.’ ಆ ಸಾಲಿನಲ್ಲಿ ನಿಂತು ಯಾವ ಹುಡುಗ ‘ಅಮ್ಮಾ, ನಂಗೆ ಭಯ ಆಗ್ತಿದೆ’ ಎಂದಾನು? ಆಮೇಲೆ ಏನಾದರೂ ಆದಾಗ ಆಡಳಿತ ಮಂಡಳಿಯ ಮೊದಲ ಮಾತು, ‘ನಮ್ಮ ಹತ್ರ ಏನೂ ಹೇಳಿರ್ಲಿಲ್ಲ.’ ಹೇಳಲು ಜಾಗ ಎಲ್ಲಿತ್ತು? ಕೌನ್ಸೆಲರ್ ಎಂಬ ಬೋರ್ಡು ಇರುವ ಕಡೆ ಅದು ಪ್ರಿನ್ಸಿಪಾಲರ ಕೋಣೆಯ ಪಕ್ಕದಲ್ಲೇ ಇರುತ್ತದೆ. ಒಳಗೆ ಕೆಮಿಸ್ಟ್ರಿ ರೆಕಾರ್ಡ್ ಪುಸ್ತಕಗಳ ರಾಶಿ, ಬಾಗಿಲಿಗೆ ಬೀಗ. ತೆರೆದಿದ್ದರೂ ಕೂತಿರುವವರು ಬಿಡುವಿನ ಅವಧಿಯ ಲೆಕ್ಚರರು. ಹುಡುಗ ಹೇಳಿದ್ದು ಸಂಜೆಯೊಳಗೆ ಸ್ಟಾಫ್ ರೂಮಿನಲ್ಲಿ ಚಹಾದ ಜೊತೆ ಹಂಚಿಕೆಯಾಗಿರುತ್ತದೆ.

ಇದೆಲ್ಲ ಈಗ ಬರೀ ಮರ್ಯಾದೆಯ ಪ್ರಶ್ನೆಯಾಗಿ ಉಳಿದಿಲ್ಲ. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು 15 ಮಾರ್ಗಸೂಚಿಗಳನ್ನು ಕೊಟ್ಟಿತು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹ ಆಪ್ತಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರೊಬ್ಬರಾದರೂ ಇರಬೇಕು. ಅಂಕ ನೋಡಿ ಬ್ಯಾಚ್ ಒಡೆಯಬಾರದು, ಎಲ್ಲರೆದುರು ಅವಮಾನಿಸಬಾರದು, ಸಹಾಯವಾಣಿ ಸಂಖ್ಯೆಯನ್ನು ಹಾಸ್ಟೆಲಿನಲ್ಲೂ ತರಗತಿಯಲ್ಲೂ ಎದ್ದು ಕಾಣುವಂತೆ ಹಾಕಬೇಕು. ನೋಟಿಸ್ ಬೋರ್ಡಿನಲ್ಲಿ ವಾರದ ಟೆಸ್ಟಿನ ರ‍್ಯಾಂಕ್ ಪಟ್ಟಿಗೆ ಮಾತ್ರ ಜಾಗವಿರುವ ಪ್ರಾಂಶುಪಾಲರು ಇದನ್ನೊಮ್ಮೆ ಓದಿಕೊಳ್ಳಲಿ.

ಬೇರೆ ರಾಜ್ಯದವರು ‘ನಮ್ಮಲ್ಲಿ ಸೌಲಭ್ಯ ಇಲ್ಲ’ ಎಂದರೆ ಒಪ್ಪಬಹುದೇನೋ. ನಾವು ಯಾವ ಮುಖ ಇಟ್ಟುಕೊಂಡು ಹೇಳುವುದು? ಹಳ್ಳಿಯ ಜನಕ್ಕೆ ಅವರ ಊರ ಹತ್ತಿರವೇ ಮನೋವೈದ್ಯಕೀಯ ಚಿಕಿತ್ಸೆ ಕೊಡಬಹುದೆಂದು ನಿಮ್ಹಾನ್ಸ್‌ನವರು 1970ರ ದಶಕದಲ್ಲೇ ಬೆಂಗಳೂರಿನ ಪಕ್ಕದ ಸಕಲವಾರದಲ್ಲಿ ಮಾಡಿ ತೋರಿಸಿದರು. 1980ರ ದಶಕದಲ್ಲಿ ಅದು ಬಳ್ಳಾರಿ ಜಿಲ್ಲೆಗೆ ಹಬ್ಬಿತು. ಆ ಬಳ್ಳಾರಿ ಮಾದರಿಯೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗಬೇಕೆಂಬ ‘ಮನೋಚೈತನ್ಯ’ ನಮ್ಮ ರಾಜ್ಯದ್ದೇ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಗೆ ಕೇಂದ್ರಸ್ಥಾನವೂ ನಿಮ್ಹಾನ್ಸೇ. 14416 ಒತ್ತಿದರೆ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಆದರೂ ನಿಮ್ಹಾನ್ಸ್ ಎಂಬ ಹೆಸರು ನಮ್ಮ ಬಾಯಲ್ಲಿ ಬರುವುದು ಹೆಚ್ಚಾಗಿ ಯಾರನ್ನಾದರೂ ಆಡಿಕೊಳ್ಳಲು, ‘ಇವನನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು’ ಎಂದು. ಈ ತಮಾಷೆ ಕೇಳಿ ಬೆಳೆದ ಹುಡುಗ ತನಗೇ ಕಷ್ಟ ಬಂದ ದಿನ ಆ ಗೇಟಿನೊಳಗೆ ಹೇಗೆ ಹೋದಾನು?

ಫಲಿತಾಂಶ ಬಂದ ಮರುದಿನದಿಂದ ಅಡ್ಮಿಷನ್ ಕೌಂಟರುಗಳ ಮುಂದೆ ಸಾಲು ಹಚ್ಚುತ್ತೀರಿ. ಕಳೆದ ಸಲ ಎಷ್ಟು ಮೆಡಿಕಲ್ ಸೀಟು ಬಂತು, ಎ.ಸಿ. ರೂಮಿದೆಯೇ, ಊಟಕ್ಕೆ ಚಪಾತಿ ಕೊಡುತ್ತೀರಾ, ಸಿಸಿಟಿವಿ ಎಷ್ಟಿದೆ ಎಂದು ಕೇಳುತ್ತೀರಿ. ಈ ಸಲ ಇನ್ನೆರಡು ಕೇಳಿ. ನಿಮ್ಮ ಆಪ್ತಸಮಾಲೋಚಕರು ಯಾರು, ಅವರೇನು ಓದಿದ್ದಾರೆ? ವಾರದ ನಡುವೆ ನನ್ನ ಮಗ ನನ್ನೊಂದಿಗೆ ಒಬ್ಬನೇ ಕೂತು ಫೋನಿನಲ್ಲಿ ಮಾತಾಡಬಹುದೇ? ಕೌಂಟರಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ಚೆಕ್ ಬರೆಯಬೇಡಿ.