ಮಾರೋದಕ್ಕೆ ಮೊದಲು ಕೇಳಿಸಿಕೊಳ್ಳಿ

ಸಾವಯವ ಬೆಳೆಯೋ ನಮ್ಮ ವಯಸ್ಸಿನವರಲ್ಲಿ ಒಂದು ಅಭ್ಯಾಸ ನೋಡ್ತಿದ್ದೀನಿ. ಗಿರಾಕಿ ಸಿಕ್ಕ ಕೂಡಲೇ ಭಾಷಣ ಶುರು. ಜೀವಾಮೃತ, ಎರೆಹುಳು, ಮಣ್ಣಿನ ಇಂಗಾಲ ಎಲ್ಲ ಹೇಳಿ ಮುಗಿಸೋ ಹೊತ್ತಿಗೆ ಅವರು ಪಕ್ಕದ ಗಾಡಿಯಲ್ಲಿ ಬೀನ್ಸ್ ತಗೊಂಡು ಹೊರಟಿರ್ತಾರೆ. ‘ಮಾತು ಬಲ್ಲವ ಮಾಣಿಕ್ಯ ತಂದ’ ಅನ್ನೋ ಗಾದೆ ಸುಳ್ಳಲ್ಲ. ಆದರೆ ತರಕಾರಿ ವ್ಯಾಪಾರದಲ್ಲಿ ಬಾಯಿಗಿಂತ ಕಿವಿಗೇ ಹೆಚ್ಚು ಲಾಭ ಅನ್ನೋದು ನನ್ನ ಅಭಿಪ್ರಾಯ.

ಅಪ್ಪ, ಅಜ್ಜನ ಕಾಲದಲ್ಲಿ ಇದರ ಅಗತ್ಯ ಅಷ್ಟಾಗಿ ಬೀಳಲಿಲ್ಲ. ಎಪಿಎಂಸಿಗೆ ಮೆಕ್ಕೆಜೋಳ ಹಾಕಿದರೆ ವಾಪಸ್ ಬರೋ ಸುದ್ದಿ ಒಂದೇ: ಕ್ವಿಂಟಲ್‌ಗೆ ಇಷ್ಟು. 2014ರಲ್ಲಿ ಕರ್ನಾಟಕದಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಬಂದು ಟೆಂಡರ್ ಆನ್‌ಲೈನ್ ಆಯ್ತು, ಒಳ್ಳೇದೇ. ಆದರೂ ಅಲ್ಲಿ ದರ ಗೊತ್ತಾಗುತ್ತೆ, ತಿಂದವರು ಏನಂದರು ಅನ್ನೋದು ಗೊತ್ತಾಗಲ್ಲ. ನೇರ ಮಾರಾಟದಲ್ಲಿ ಕಮಿಷನ್ ಉಳಿಯೋದರ ಜೊತೆಗೆ ಆ ಮಾತೂ ಸಿಗುತ್ತೆ. ಅದನ್ನ ಬಿಟ್ಟರೆ ಅರ್ಧ ಲಾಭ ಬಿಟ್ಟಂತೆ.

ನಾನು ತೋಟಗಾರಿಕೆ ಓದಿದವನು. ಇಳುವರಿ ಲೆಕ್ಕ ಕಾಲೇಜಲ್ಲಿ ಕಲಿತೆ. ‘ದಪ್ಪ ಕಾಯಿ ಎಣ್ಣೆಗಾಯಿಗೆ ಆಗಲ್ಲ ತಮ್ಮಾ’ ಅನ್ನೋ ಪಾಠ ಸಿಕ್ಕಿದ್ದು ನಿಟ್ಟುವಳ್ಳಿಯ ಮನೆ ಬಾಗಿಲುಗಳಲ್ಲಿ. ಬೀಜ ಬಲಿತು ಹೊಳಪು ಕಳೆದ ಬದನೆಕಾಯಿ ತೂಕ ಬರುತ್ತೆ, ಆದರೆ ರೊಟ್ಟಿ ಜೊತೆ ಎಣ್ಣೆಗಾಯಿ ಮಾಡೋ ಊರಲ್ಲಿ ಬುಟ್ಟಿಯಲ್ಲೇ ಉಳಿಯುತ್ತೆ. ಎಳೇ ಕಾಯಿಯನ್ನ ಎರಡು ಮೂರು ದಿನಕ್ಕೊಮ್ಮೆ ಕೊಯ್ದರೆ ಕೆಲಸ ಜಾಸ್ತಿ, ಉಳಿಕೆ ಕಡಿಮೆ.

‘ರೇಟ್ ಜಾಸ್ತಿ ಆಯ್ತಲ್ಲಪ್ಪ’ ಅಂದ ಕೂಡಲೇ ದರ ಇಳಿಸಬೇಡಿ. ‘ಎಷ್ಟು ಬೇಕಿತ್ತಕ್ಕಾ?’ ಅಂತ ಕೇಳಿ. ಮನೆಯಲ್ಲಿ ಇಬ್ಬರೇ ಇರಬಹುದು, ಒಂದು ಕೆಜಿ ತಗೊಂಡರೆ ಕೊಳೆಯುತ್ತೆ ಅನ್ನೋ ಚಿಂತೆ ಇರಬಹುದು. ಅದೇ ದರದಲ್ಲಿ ಕಾಲು ಕೆಜಿ ಕೊಟ್ಟರೆ ಮುಗೀತು. ‘ನಿಜವಾಗ್ಲೂ ಸಾವಯವನಾ?’ ಅಂದರೆ ಸಿಟ್ಟಾಗಬೇಡಿ. ಹಿಂದೆ ಎಲ್ಲೋ ಮೋಸ ಹೋಗಿರಬಹುದು. ಪಿಜಿಎಸ್ ಪ್ರಮಾಣಪತ್ರ ಇದ್ದರೆ ತೋರಿಸಿ, ಇಲ್ಲದಿದ್ದರೆ ಇಲ್ಲ ಅಂತಲೇ ಹೇಳಿ, ಭಾನುವಾರ ತೋಟಕ್ಕೆ ಕರೀರಿ.

ನಮ್ಮೂರ ಬೆಣ್ಣೆದೋಸೆ ಕಥೆ ನಿಮಗೂ ಗೊತ್ತಿರಬಹುದು. 1928ರಲ್ಲಿ ದಾವಣಗೆರೆಗೆ ಬಂದ ಚೆನ್ನಮ್ಮ ಮೊದಲು ರಾಗಿ ಹಿಟ್ಟಿನ ದೋಸೆ ಹಾಕ್ತಿದ್ದರಂತೆ, ಮಕ್ಕಳ ಕಾಲದಲ್ಲಿ ಅದು ಅಕ್ಕಿ, ಉದ್ದು, ಮಂಡಕ್ಕಿಗೆ ಬದಲಾಯ್ತಂತೆ. ಹಠ ಹಿಡಿದು ಹಳೇ ಹಿಟ್ಟನ್ನೇ ರುಬ್ಬುತ್ತಾ ಕೂತಿದ್ದರೆ ಇವತ್ತಿನ ಬೆಣ್ಣೆದೋಸೆ ಎಲ್ಲಿರ್ತಿತ್ತು?

ಹಾಗಂತ ಯಾರೋ ಒಬ್ಬರು ಬ್ರೊಕೋಲಿ ಕೇಳಿದರು ಅಂತ ಒಂದು ಎಕರೆ ಹಾಕಬೇಡಿ. ಕೇಳಿದ್ದನ್ನ ಮೊಬೈಲ್ ನೋಟ್ಸ್‌ನಲ್ಲಿ ಬರೆದಿಡಿ. ಒಂದೇ ಮಾತು ಐದಾರು ಮನೆಗಳಿಂದ ಬಂದರೆ ಒಂದು ಮಡಿ ಹಾಕಿ ನೋಡಿ. ಮೆಂತ್ಯ ಸೊಪ್ಪು ಒಂದು ತಿಂಗಳೊಳಗೆ ಕೈಗೆ ಬರುತ್ತೆ, ಪ್ರಯೋಗಕ್ಕೆ ಖರ್ಚೂ ಕಡಿಮೆ. ಪಪ್ಪಾಯಿ, ನುಗ್ಗೆಯಂಥ ಬೆಳೆಗೆ ಇನ್ನಷ್ಟು ದಿನ ಕೇಳಿಸಿಕೊಂಡೇ ಕೈ ಹಾಕಿ.

ಇನ್ನು ವಾಟ್ಸಾಪ್. ದಿನಾ ಹತ್ತು ಫೋಟೋ ಸ್ಟೇಟಸ್ ಹಾಕೋದೂ ಭಾಷಣವೇ. ಗಿರಾಕಿ ಕಳಿಸಿದ ವಾಯ್ಸ್ ಮೆಸೇಜನ್ನ ಪೂರ್ತಿ ಕೇಳಿ ಉತ್ತರ ಕೊಡೋರು ನಮ್ಮಲ್ಲಿ ಎಷ್ಟು ಜನ?

ಕನ್ನಡದಲ್ಲಿ ‘ಕೇಳು’ ಅಂದರೆ ಪ್ರಶ್ನೆ ಹಾಕೋದೂ ಹೌದು, ಕಿವಿಗೊಡೋದೂ ಹೌದು. ಈ ವಾರ ಎರಡೂ ಮಾಡಿ. ಪ್ರತಿ ಗಿರಾಕಿಗೂ ‘ಹೋದ ವಾರ ಕೊಟ್ಟಿದ್ದರಲ್ಲಿ ಏನು ಅಡುಗೆ ಮಾಡಿದ್ರಿ, ಏನು ಉಳೀತು?’ ಅಂತ ಒಂದೇ ಪ್ರಶ್ನೆ ಹಾಕಿ. ಅವರು ಮುಗಿಸೋವರೆಗೆ ಸುಮ್ಮನಿರಿ. ಮುಂದಿನ ಬಿತ್ತನೆಗೆ ಏನು ಹಾಕಬೇಕು ಅನ್ನೋದರ ಅರ್ಧ ಉತ್ತರ ಅಲ್ಲೇ ಸಿಗುತ್ತೆ.