ಕೂರುವುದಕ್ಕೂ ಹೋರಾಡಬೇಕೆ?

ಬೆಂಗಳೂರಿನ ದೊಡ್ಡ ಕಂಪನಿಗಳ ಕಛೇರಿಗಳಿಗೆ ಹೊಸ ಬಗೆಯ ಮೇಜು ಬಂದಿದೆ. ಗುಂಡಿ ಒತ್ತಿದರೆ ಅದು ನಿಂತವನ ಮೊಳಕೈ ಮಟ್ಟಕ್ಕೆ ಏರುತ್ತದೆ. ಮತ್ತೆ ಒತ್ತಿದರೆ ಕುರ್ಚಿಯ ಮಟ್ಟಕ್ಕೆ ಇಳಿಯುತ್ತದೆ. ಕೂತು ಬೇಸತ್ತವನು ನಿಲ್ಲಬಹುದು, ಕಾಲು ಸೋತರೆ ಕೂರಬಹುದು. ಈ ಸುದ್ದಿ ಕೇಳಿದರೆ, ಹೊರಕೆರೆದೇವಪುರದಲ್ಲಿ ಬೆಳಗಿನ ಬಸ್ಸು ಹತ್ತಿ ಪೇಟೆಯ ಬಟ್ಟೆ ಅಂಗಡಿಗಳಿಗೆ ದುಡಿಯಲು ಹೋಗುವ ನಮ್ಮ ಹೆಣ್ಣುಮಕ್ಕಳು ನಕ್ಕಾರು. ಅವರಿಗೆ ಏರಿಳಿಯುವ ಮೇಜು ಬೇಡ. ಒಂದು ಸ್ಟೂಲು ಸಿಕ್ಕರೆ ಸಾಕಾಗಿದೆ.

ನಾವು ಆ ಮೇಜನ್ನು ಹಳಿಯುವುದಿಲ್ಲ. ದಿನವಿಡೀ ಕೂತು ಲೆಕ್ಕ ಬರೆಯುವ ಗುಮಾಸ್ತನೂ ಶ್ರಮಜೀವಿಯೇ. ಅವನ ಬೆನ್ನಿಗೂ ನೋವುಂಟು. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ಕೂತೇ ಇರುವ ಚಾಲಕರನ್ನೂ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರರನ್ನೂ ಹೋಲಿಸಿ ನೋಡಿದ ಡಾಕ್ಟರ್ ಜೆರ್ರಿ ಮಾರಿಸ್, ಚಾಲಕರಲ್ಲಿ ಹೃದ್ರೋಗ ಹೆಚ್ಚೆಂದು 1953ರಲ್ಲಿಯೇ ಪ್ರಕಟಿಸಿದರು. ಆದರೆ ಕಂಡಕ್ಟರನು ಮರದಂತೆ ನಿಂತವನಲ್ಲ, ಓಡಾಡಿದವನು. ಕೂತೇ ಇರುವುದು ಹೇಗೆ ಕೆಡುಕೋ, ನಿಂತೇ ಇರುವುದೂ ಹಾಗೆಯೇ ಕೆಡುಕು. ನಿಂತೇ ದುಡಿದವರ ಪಾದ ಊದುತ್ತದೆ, ಸೊಂಟ ಹಿಡಿಯುತ್ತದೆ, ವರ್ಷಗಳು ಕಳೆದಂತೆ ಮೀನಖಂಡದ ರಕ್ತನಾಳಗಳು ಉಬ್ಬಿ ಗಂಟುಕಟ್ಟುತ್ತವೆ. ದೇಹ ಕೇಳುವುದು ಬದಲಾವಣೆಯನ್ನು. ಆ ಬದಲಾವಣೆ ಯಾರ ಕೈಯಲ್ಲಿದೆ ಎಂಬುದೇ ಪ್ರಶ್ನೆ. ಕಛೇರಿಯಲ್ಲಿ ಗುಂಡಿ ನೌಕರನ ಬೆರಳಿನಲ್ಲಿದೆ. ಅಂಗಡಿಯಲ್ಲಿ ಅದು ಮಾಲೀಕನ ಕಣ್ಣಿನಲ್ಲಿದೆ.

ಗಿರಣಿ ಕೆಲಸಗಾರರು ಒಂದು ಮಾತು ತಿಳಿದಿರಬೇಕು. ನಿಂತು ದುಡಿಯಬೇಕಾದ ಕೆಲಸಗಾರರಿಗೆ ಬಿಡುವು ಸಿಕ್ಕಾಗ ಕೂರಲು ತಕ್ಕ ಏರ್ಪಾಡು ಮಾಡಬೇಕೆಂದು 1948ರ ಕಾರ್ಖಾನೆ ಕಾಯಿದೆಯ 44ನೇ ಕಲಮು ವಿಧಿಸಿತ್ತು. ಆ ಕಾಯಿದೆಯ ಜಾಗಕ್ಕೆ 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆಯಲ್ಲಿಯೂ ಈ ಮಾತು ಉಳಿದಿದೆ. ಹಾಗಿದ್ದರೆ ನಮ್ಮ ಗಿರಣಿಗಳಲ್ಲಿ ಬೆಂಚು ಎಲ್ಲಿದೆ? ಕೇಳುವವರಿಲ್ಲದ ಕಾನೂನು ಕಪಾಟಿನಲ್ಲಿ ಧೂಳು ತಿನ್ನುತ್ತದೆ.

ಕೇಳಿದವರಿಗೆ ಸಿಕ್ಕಿದೆ. ಕೇರಳದ ಕೋಳಿಕ್ಕೋಡಿನ ಮಿಠಾಯಿ ಬೀದಿಯ ಅಂಗಡಿಗಳಲ್ಲಿ ದುಡಿಯುತ್ತಿದ್ದ ಹೆಂಗಸರು, ದರ್ಜಿ ಕೆಲಸ ಮಾಡುತ್ತಿದ್ದ ಪಿ. ವಿಜಿಯವರ ಮುಂದಾಳುತನದಲ್ಲಿ ಸಂಘ ಕಟ್ಟಿದರು. ಅವರ ಬೇಡಿಕೆ ಎರಡು: ಕೂರಲು ಜಾಗ, ಪಾಯಖಾನೆ. ಪಾಯಖಾನೆಯಿಲ್ಲದ್ದರಿಂದ ದಿನವೆಲ್ಲ ನೀರು ಕುಡಿಯದೆ ಇರುತ್ತಿದ್ದವರು ಅವರು. ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಕೇರಳ ಸರಕಾರ ಅಂಗಡಿಗಳ ಕಾಯಿದೆಗೆ ತಿದ್ದುಪಡಿ ತಂದು ಕೂರುವ ಹಕ್ಕನ್ನು ಬರೆಯಿತು. 2021ರಲ್ಲಿ ತಮಿಳುನಾಡೂ ಅದೇ ದಾರಿ ಹಿಡಿಯಿತು. ಎರಡು ನೆರೆಮನೆಗಳಲ್ಲಿ ದೀಪ ಹತ್ತಿದೆ, ನಮ್ಮ ಮನೆಯಲ್ಲಿ?

ಈಗ ವ್ಯಾಪಾರಿ ಮಿತ್ರರೊಡನೆ ಎರಡು ಮಾತು. ನಮ್ಮ ಓದುಗರಲ್ಲಿ ಅನೇಕರು ಸಣ್ಣ ಅಂಗಡಿ ಇಟ್ಟವರು. ತಮ್ಮ ಕಷ್ಟ ನಮಗೆ ಗೊತ್ತು: ಬಾಡಿಗೆ, ಸಾಲ, ದೊಡ್ಡ ಮಳಿಗೆಗಳ ಪೈಪೋಟಿ. ಆದರೂ ಗಲ್ಲಾಪೆಟ್ಟಿಗೆಯ ಮುಂದೆ ತಾವು ಕೂತಿರುತ್ತೀರಿ, ಕೆಲಸದ ಹುಡುಗ ಹತ್ತು ಗಂಟೆ ಕಾಲ ನಿಂತಿರುತ್ತಾನೆ. ಗಿರಾಕಿ ಬಂದಾಗ ಆಳು ಕೂತಿದ್ದರೆ ಮರ್ಯಾದೆಯೇ ಎನ್ನುತ್ತೀರಿ. ಗಿರಾಕಿ ಬಂದಾಗ ಅವನು ಏಳಲಿ. ಗಿರಾಕಿಯಿಲ್ಲದ ಮಧ್ಯಾಹ್ನ ಅವನು ಯಾರ ಮರ್ಯಾದೆಗೆಂದು ನಿಲ್ಲಬೇಕು? ಮನೆಗೆ ಬಂದವರಿಗೆ ಮಣೆ ಹಾಕಿ ಕೂರಿಸುವ ಜನ ನಾವು. ಅಂಗಡಿ ನಡೆಸಿಕೊಡುವವನಿಗೆ ಒಂದು ಮಣೆ ಹಾಕಲಾರೆವೇ? ಅದರ ಖರ್ಚು ಒಂದೇ ಸಲದ್ದು.

ಹೊಸ ಸಂಹಿತೆ ಹತ್ತು ಮಂದಿಗಿಂತ ಕಡಿಮೆ ಕೆಲಸಗಾರರಿರುವ ಅಂಗಡಿಗಳನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಆದ್ದರಿಂದ ನಾವು ಕೇಳುವುದಿಷ್ಟೇ: ಕೂರುವ ಹಕ್ಕನ್ನು ಕರ್ನಾಟಕ ಸರಕಾರ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯಲ್ಲಿ ಸ್ಪಷ್ಟವಾಗಿ ಬರೆಯಲಿ, ಕಾರ್ಮಿಕ ಇಲಾಖೆಯವರು ಗಿರಣಿಗೆ ಬಂದಾಗ ದಫ್ತರದ ಜೊತೆಗೆ ಬೆಂಚನ್ನೂ ನೋಡಲಿ. ಕಾನೂನು ಬರುವವರೆಗೆ ವ್ಯಾಪಾರಿ ಮಿತ್ರರು ಕಾಯಬೇಕಾಗಿಲ್ಲ. ನಾಳೆ ಬೆಳಿಗ್ಗೆ ಅಂಗಡಿ ಬಾಗಿಲು ತೆರೆಯುವಾಗ ಒಂದು ಸ್ಟೂಲು ಒಳಗಿಡಿ.