ಕಾರ್ಖಾನೆಯ ಕಸಬರಿಗೆ

1901ರ ಸುಮಾರಿನಲ್ಲಿ ಲಂಡನ್ನಿನ ವಿಕ್ಟೋರಿಯಾ ಬೀದಿಯ ಉಪಾಹಾರಗೃಹವೊಂದರಲ್ಲಿ ಕುಳಿತಿದ್ದ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರನು ಕುರ್ಚಿಯ ಮೆತ್ತನೆಯ ಬೆನ್ನಿಗೆ ಬಾಯಿಯಿಟ್ಟು ಬಲವಾಗಿ ಉಸಿರೆಳೆದುಕೊಂಡನು. ಮರುಕ್ಷಣವೇ ಧೂಳು ಗಂಟಲಿಗಿಳಿದು ಉಸಿರುಕಟ್ಟಿತು. ನೋಡಿದವರಿಗೆ ಹುಚ್ಚಾಟವೆನಿಸಬಹುದಾದ ಈ ಕೆಲಸಕ್ಕೆ ಹಿನ್ನೆಲೆಯೊಂದಿತ್ತು. ಕೆಲವು ದಿನಗಳ ಹಿಂದೆ ಅವನು ಅಮೆರಿಕದ ಹೊಸ ಯಂತ್ರವೊಂದರ ಪ್ರದರ್ಶನ ಕಂಡಿದ್ದನು. ಆ ಯಂತ್ರವು ಗಾಳಿಯನ್ನು ಊದಿ ರತ್ನಗಂಬಳಿಯ ಧೂಳನ್ನೆಬ್ಬಿಸುತ್ತಿತ್ತು. ಎದ್ದ ಧೂಳು ಅತ್ತಿತ್ತ ಸುಳಿದಾಡಿ ಮತ್ತೆ ಗಂಬಳಿಯ ಮೇಲೆಯೇ ಕುಳಿತುಕೊಳ್ಳುತ್ತಿತ್ತು. ಊದುವುದರ ಬದಲು ಹೀರಿದರೇನು ಎಂಬ ಪ್ರಶ್ನೆ ಬೂತನನ್ನು ಬಿಡಲಿಲ್ಲ.

ಅವನು ಕಟ್ಟಿದ ಯಂತ್ರ ಮನೆಯೊಳಗೆ ಹಿಡಿಸುವಂಥದಾಗಿರಲಿಲ್ಲ. ಕುದುರೆಗಾಡಿಯ ಮೇಲೆ ಎಂಜಿನ್ನು, ಪಂಪು, ಶೋಧಕ ಎಲ್ಲವೂ ಕುಳಿತು ಬೀದಿಯಲ್ಲಿ ನಿಲ್ಲುತ್ತಿದ್ದವು. ಕಿಟಕಿಗಳ ಮೂಲಕ ಉದ್ದನೆಯ ಕೊಳವೆಗಳು ಒಳಕ್ಕೆ ಹೋಗುತ್ತಿದ್ದವು. 1902ರಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆಂದು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಗಂಬಳಿಗಳನ್ನು ಶುದ್ಧಿಗೊಳಿಸಿದುದು ಇದೇ ಯಂತ್ರ. ಗೃಹಿಣಿಯ ಕೈಗೊಪ್ಪುವ ಹಗುರವಾದ ಮಾದರಿ ಬಂದದ್ದು ಆಮೇಲೆ. ಅಮೆರಿಕದ ಕ್ಯಾಂಟನ್ ಪಟ್ಟಣದಲ್ಲಿ ಕಸ ಗುಡಿಸುತ್ತಿದ್ದ ಮರ್ರೆ ಸ್ಪ್ಯಾಂಗ್ಲರ್ ಎಂಬ ಉಬ್ಬಸರೋಗಿ ತನ್ನ ಸಂಕಟಕ್ಕೊಂದು ಪರಿಹಾರವೆಂದು ಅದನ್ನು ಹೊಂದಿಸಿ 1908ರಲ್ಲಿ ಪೇಟೆಂಟ್ ಪಡೆದನು. ಹೀಗೆ ವ್ಯಾಕ್ಯೂಂ ಕ್ಲೀನರಿನ ವಂಶದಲ್ಲಿ ದೈತ್ಯನೇ ಹಿರಿಯ, ಮನೆಯದು ಕಿರಿಯ.

ಹೀರುವುದೆಂಬ ಮಾತು ರೂಢಿಯದೇ ಹೊರತು ನಿಜಾರ್ಥದಲ್ಲಿ ಯಂತ್ರವೇನೂ ಎಳೆಯುವುದಿಲ್ಲ. ಒಳಗಿನ ಗಾಳಿಯನ್ನು ಅದು ಹೊರದೂಡಿದಾಗ ಹೊರಗಿನ ವಾಯುಮಂಡಲವೇ ಧೂಳಿನೊಡನೆ ಒಳನುಗ್ಗುತ್ತದೆ. ಮನೆಯ ಯಂತ್ರದ ಮೋಟಾರು ಸ್ವಲ್ಪ ಹೊತ್ತು ಓಡಿ ವಿಶ್ರಮಿಸುವಂಥದು. ಇಡೀ ದಿನ ಓಡಿಸಿದರೆ ಅದರ ಇಂಗಾಲದ ಬ್ರಷ್ಷುಗಳು ಬೇಗನೆ ಸವೆದುಹೋಗುತ್ತವೆ. ಹಿಟ್ಟಿನ ಗಿರಣಿಯಲ್ಲೋ ಸಿಮೆಂಟು ಕಾರ್ಖಾನೆಯಲ್ಲೋ ಪಾಳಿಯ ಮೇಲೆ ಪಾಳಿ ದುಡಿಯುವ ಯಂತ್ರಕ್ಕೆ ಬ್ರಷ್ಷುಗಳೇ ಇಲ್ಲದ ಮೂರು ಫೇಸಿನ ಮೋಟಾರು ಬೇಕು. ಅಲ್ಲಿ ಧೂಳು ನೇರವಾಗಿ ಬಟ್ಟೆಯ ಚೀಲವನ್ನು ಸೇರುವುದೂ ಇಲ್ಲ. ಮೊದಲು ಗಾಳಿ ಸುಂಟರಗಾಳಿಯಂತೆ ಸುತ್ತುತ್ತದೆ. ಭಾರವಾದ ಕಣಗಳು ಗೋಡೆಗೆ ಬಡಿದು ಕೆಳಗುದುರುತ್ತವೆ. ಉಳಿದ ನವಿರು ಮಾತ್ರ ಶೋಧಕಕ್ಕೆ ಹೋಗುತ್ತದೆ. ನೀರನ್ನೂ ಹೀರುವ ಯಂತ್ರಗಳಲ್ಲಿ ತೇಲುಗುಂಡೊಂದಿರುತ್ತದೆ. ಪಾತ್ರೆ ತುಂಬುತ್ತಲೇ ಅದು ಮೇಲೇರಿ ಬಾಯನ್ನು ಮುಚ್ಚಿ ಮೋಟಾರನ್ನು ಕಾಪಾಡುತ್ತದೆ. ಲೇತಿನ ಕೆಳಗೆ ಬಿದ್ದ ಲೋಹದ ಚೂರುಗಳನ್ನು ಎಣ್ಣೆಸಮೇತ ಹೀರಿ, ಜರಡಿಯಲ್ಲಿ ಬೇರ್ಪಡಿಸಿ, ಎಣ್ಣೆಯನ್ನು ಮರುಬಳಕೆಗೆ ಹಿಂದಿರುಗಿಸುವ ಮಿತವ್ಯಯಿ ಯಂತ್ರಗಳೂ ಉಂಟು.

ಧೂಳೆಂದರೆ ಕೊಳೆಯಷ್ಟೇ ಎಂದು ತಿಳಿದವರಿಗೆ ಸಕ್ಕರೆಯೂ ಸಿಡಿಯಬಲ್ಲುದೆಂದರೆ ನಂಬಿಕೆಯಾಗದು. 2008ರ ಫೆಬ್ರವರಿ 7ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಪೋರ್ಟ್ ವೆಂಟ್‌ವರ್ತಿನಲ್ಲಿ ಸಕ್ಕರೆ ಶುದ್ಧೀಕರಣ ಕಾರ್ಖಾನೆಯೊಂದು ಸ್ಫೋಟಗೊಂಡು 14 ಮಂದಿ ಸತ್ತರು. ಮೊದಲನೆಯ ಸಿಡಿತ ನಡೆದದ್ದು ಸಕ್ಕರೆಯನ್ನು ಸಾಗಿಸುವ ಮುಚ್ಚಿದ ಪಟ್ಟಿಯಲ್ಲಿ. ಅದರ ಅದುರಿಗೆ ನೆಲದ ಮೇಲೂ ತೊಲೆಗಳ ಮೇಲೂ ದಿನದಿನಕ್ಕೆ ಕೂಡಿಕೊಂಡಿದ್ದ ಸಕ್ಕರೆಯ ಪುಡಿ ಮೋಡದಂತೆ ಮೇಲೆದ್ದಿತು. ಆ ಮೋಡಕ್ಕೆ ಕಿಡಿ ತಗುಲಿ ಕಟ್ಟಡದಿಂದ ಕಟ್ಟಡಕ್ಕೆ ಬೆಂಕಿ ಹಬ್ಬಿತು. ಇಂತಹ ಕಡೆ ಪೊರಕೆಯಿಂದ ಗುಡಿಸುವುದು ತಪ್ಪು. ಒತ್ತಡದ ಗಾಳಿಯಿಂದ ಊದುವುದಂತೂ ಬೂತನು ಕಂಡ ಹಳೆಯ ಯಂತ್ರದ ತಪ್ಪನ್ನೇ ಮದ್ದಿನಮನೆಯಲ್ಲಿ ಮಾಡಿದಂತೆ. ಹೀರಿ ತೆಗೆಯುವುದೇ ದಾರಿ.

ಆದರೆ ಹೀರುವ ಯಂತ್ರವೇ ಕಿಡಿ ಹಾರಿಸಿದರೆ? ಒಣ ಪುಡಿ ಕೊಳವೆಯ ಒಳಮೈಗೆ ಉಜ್ಜಿ ಹರಿಯುವಾಗ ಸ್ಥಾಯಿವಿದ್ಯುತ್ತು ಹುಟ್ಟುತ್ತದೆ. ಆದುದರಿಂದ ಅಂತಹ ಯಂತ್ರದ ಕೊಳವೆ, ಮೂತಿ, ಪಾತ್ರೆ ಎಲ್ಲವೂ ವಿದ್ಯುದ್ವಾಹಕವಾಗಿದ್ದು ಭೂಮಿಗೆ ತಂತಿಯ ಸಂಪರ್ಕ ಪಡೆದಿರಬೇಕು. ಮೋಟಾರೇ ಇಲ್ಲದೆ, ಸಂಪೀಡಿತ ವಾಯುವಿನ ಸೆಳೆತದಿಂದಲೇ ಹೀರುವ ಮಾದರಿಯೂ ಇದೆ. ಅಲ್ಯುಮಿನಿಯಂ, ಮೆಗ್ನೀಸಿಯಂ ಪುಡಿಗಳನ್ನು ದ್ರವದಲ್ಲಿ ಮುಳುಗಿಸಿ ಹಿಡಿಯುವುದುಂಟು. ನೀರು ಬಳಸಿದಾಗ ಆ ಕೆಸರಿನಿಂದ ಜಲಜನಕ ಹೊಮ್ಮಬಹುದಾದ್ದರಿಂದ ಪಾತ್ರೆಯನ್ನು ಬಿಗಿಯಾಗಿ ಮುಚ್ಚಿಡುವಂತಿಲ್ಲ.

ಸಿಡಿಯದ ಧೂಳೂ ಸಾಧುವಲ್ಲ. ಕೋಲಾರದ ಚಿನ್ನದ ಗಣಿಗಳ ಕಾರ್ಮಿಕರನ್ನು ಕಾಡಿದ ಸಿಲಿಕೋಸಿಸ್ ಕಲ್ಲುಧೂಳಿನ ಫಲ. ಗಣಿಗಳು 2001ರಲ್ಲಿ ಮುಚ್ಚಿದರೂ ಗ್ರಾನೈಟು ಕೊಯ್ಯುವವರಿಗೆ ಅದೇ ಅಪಾಯ ಉಳಿದಿದೆ. ಒಮ್ಮೆ ಹಿಡಿದರೆ ಗುಣವಾಗದ ಕಾಯಿಲೆಯದು. ಈ ಕಣಗಳ ಮುಂದೆ ಸಾಮಾನ್ಯ ಯಂತ್ರ ಪೊರಕೆಗಿಂತಲೂ ಕೆಟ್ಟದ್ದಾಗಬಹುದು; ದಪ್ಪ ಧೂಳನ್ನು ಚೀಲದಲ್ಲಿರಿಸಿಕೊಂಡು, ಪುಪ್ಪಸದ ಆಳಕ್ಕಿಳಿಯುವ ನವಿರನ್ನು ಹಿಂದಿನ ಕಿಂಡಿಯಿಂದ ಕೆಲಸಗಾರನ ಮುಖಕ್ಕೇ ಊದಿಬಿಡುತ್ತದೆ. ಅದಕ್ಕಾಗಿ ಹೆಪಾ ಎಂಬ ಶೋಧಕ ಬೇಕು. ಮೈಕ್ರಾನಿನ ಹತ್ತರಲ್ಲಿ ಮೂರು ಭಾಗದಷ್ಟಿರುವ ಕಣಗಳಲ್ಲಿ ನೂರಕ್ಕೆ 99.97ರಷ್ಟನ್ನು ಅದು ಹಿಡಿದಿಡುತ್ತದೆ. ಯಂತ್ರ ಕೊಳ್ಳುವಾಗ ಮಾಲೀಕರು ಮೋಟಾರಿನ ಅಶ್ವಶಕ್ತಿಯನ್ನೇ ಕೇಳುತ್ತಾರೆ. ಶೋಧಕವನ್ನು ವಿಚಾರಿಸುವವರು ವಿರಳ.

ಇದೇ ವಂಶದ ಇನ್ನೊಂದು ಕವಲು ಬೆಂಗಳೂರಿನ ಬೀದಿಗಳಲ್ಲಿ ಓಡಾಡುವ, ಮಲಗುಂಡಿಗಳನ್ನು ಬರಿದುಮಾಡುವ ಟ್ಯಾಂಕರು ಲಾರಿ. ನಿರ್ವಾತ ಎಷ್ಟೇ ಪೂರ್ಣವಾಗಿರಲಿ, ವಾಯುಮಂಡಲದ ಒತ್ತಡ ನೀರಿನ ಕಂಬವನ್ನು ಸುಮಾರು 10 ಮೀಟರಿಗಿಂತ ಮೇಲಕ್ಕೆತ್ತಲಾರದು. ಅದಕ್ಕಿಂತ ಆಳದ ಗುಂಡಿಯಾದರೆ ಕೊಳಚೆಯೊಡನೆ ಗಾಳಿಯನ್ನೂ ಬೆರೆಸಿ, ಕಂಬವನ್ನು ತುಂಡುತುಂಡಾಗಿಸಿ ಹೀರಬೇಕಾಗುತ್ತದೆ. 2013ರ ಕಾಯಿದೆ ರಕ್ಷಣಾಸಾಧನಗಳಿಲ್ಲದೆ ಮನುಷ್ಯನನ್ನು ಚರಂಡಿಗಿಳಿಸುವುದನ್ನು ನಿಷೇಧಿಸಿದೆ. ಆದರೂ ವಿಷಾನಿಲಕ್ಕೆ ಬಲಿಯಾದವರ ಸುದ್ದಿ ನಿಂತಿಲ್ಲ. ಓಣಿ ಕಿರಿದು, ಲಾರಿ ಒಳಬರುವುದಿಲ್ಲ ಎಂಬುದು ಸಾಮಾನ್ಯವಾದ ಸಬೂಬು. ಬೂತನ ಗಾಡಿಯೂ ಯಾರ ಮನೆಯೊಳಗೂ ಬಂದಿರಲಿಲ್ಲ; ಬೀದಿಯಲ್ಲಿ ನಿಂತು ಕೊಳವೆಯನ್ನಷ್ಟೇ ಒಳಗೆ ಕಳುಹಿಸುತ್ತಿತ್ತು.